ಮೂರು ಸಲ ಡೌನ್ ಆರೋ ಒತ್ತಿದರೆ ರಾಶಿ: ಎನ್‌ವಿಡಿಎ ಮತ್ತು ನಮ್ಮ ಮಂಡಿಯ ಸಾಫ್ಟ್‌ವೇರ್

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಪಟ್ಟಿ ಮಾಡುವ ಕೆಲಸದಲ್ಲಿದ್ದೇನೆ. ಇದು ನಾಲ್ಕನೇ ವರ್ಷ. ನನಗೆ ಕಣ್ಣು ಕಾಣಿಸುವುದಿಲ್ಲ. ಇಪ್ಪತ್ತೆರಡು ವರ್ಷ ಆಗುವ ತನಕ ಅಷ್ಟಿಷ್ಟು ಕಾಣುತ್ತಿತ್ತು, ಆಮೇಲೆ ಪೂರ್ತಿ ಹೋಯಿತು. ಕಂಪ್ಯೂಟರನ್ನು ಕಿವಿಯಿಂದ ಬಳಸುತ್ತೇನೆ. ಪರದೆ ಮೇಲೆ ಏನಿದೆಯೋ ಅದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ನಾನು ಕೀಬೋರ್ಡಿನಿಂದ ಉತ್ತರ ಕೊಡುತ್ತೇನೆ. ಮೌಸ್ ಮುಟ್ಟುವುದಿಲ್ಲ.

ಈ ವಿಮರ್ಶೆ ಎರಡು ಸಾಫ್ಟ್‌ವೇರ್‌ಗಳದ್ದು. ಒಂದು ಎನ್‌ವಿಡಿಎ, ನನ್ನ ಸ್ಕ್ರೀನ್ ರೀಡರ್. ಅದಕ್ಕೆ ದುಡ್ಡಿಲ್ಲ. ಇನ್ನೊಂದು ನಮ್ಮ ಮಂಡಿಯವರು ದುಡ್ಡು ಕೊಟ್ಟು ತಂದ, ಪ್ರತಿ ವರ್ಷ ನಿರ್ವಹಣೆಗೆ ಅಂತ ಮತ್ತೆ ದುಡ್ಡು ಕಟ್ಟುವ ಬಿಲ್ಲಿಂಗ್ ಸಾಫ್ಟ್‌ವೇರ್. ಎರಡನೆಯದರ ಹೆಸರು ಬರೆಯುವುದಿಲ್ಲ. ಅದನ್ನು ಮಾಡಿದವರ ಜೊತೆ ನನ್ನ ಮಾತುಕತೆ ಇನ್ನೂ ನಡೆಯುತ್ತಿದೆ. ಇಂಥ ತೊಂದರೆ ಇರುವುದು ಅದೊಂದರಲ್ಲೇ ಅಂತಲೂ ಅಲ್ಲ.

ಪಟ್ಟಿ ಅಂದರೆ ಏನು ಅಂತ ಮಂಡಿ ನೋಡದವರಿಗೆ ಹೇಳಿಬಿಡುತ್ತೇನೆ. ರೈತರು ಅಡಿಕೆ ಚೀಲ ತರುತ್ತಾರೆ. ತೂಕ ಆಗುತ್ತದೆ, ಟೆಂಡರ್ ಆಗುತ್ತದೆ, ದರ ನಿಲ್ಲುತ್ತದೆ. ಆಮೇಲೆ ಯಾವ ಜಾತಿಯ ಅಡಿಕೆ, ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ಮೊದಲೇ ತೆಗೆದುಕೊಂಡ ಮುಂಗಡದಲ್ಲಿ ಎಷ್ಟು ಮುರಿದುಕೊಂಡೆವು, ಕೈಗೆ ಎಷ್ಟು ಅಂತ ಒಂದು ಕಾಗದ ಕೊಡುತ್ತೇವೆ. ಅದೇ ಪಟ್ಟಿ. ಅದನ್ನು ಮಡಚಿ ಜೇಬಿಗಿಟ್ಟು ಅವರು ತೀರ್ಥಹಳ್ಳಿ ಬಸ್ಸೋ ಹೊಸನಗರ ಬಸ್ಸೋ ಹತ್ತುತ್ತಾರೆ. ಮನೆಯಲ್ಲಿ ನಾಲ್ಕು ಜನ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಒಂದು ವರ್ಷದ ತೋಟದ ಕೆಲಸ ಆ ಒಂದು ಹಾಳೆಯಲ್ಲಿ ಇರುತ್ತದೆ.

ಮೊದಲು ಎನ್‌ವಿಡಿಎ ಬಗ್ಗೆ. ನಾನು ತರಬೇತಿ ಪಡೆದದ್ದು ಜಾಸ್ ಮೇಲೆ. ಅದು ಹಳೆಯ, ಹೆಸರುವಾಸಿ ಸ್ಕ್ರೀನ್ ರೀಡರ್, 1989ರಿಂದ ಇದೆ. ಒಳ್ಳೆಯದೇ. ಆದರೆ ಲೈಸೆನ್ಸ್ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಲೈಸೆನ್ಸ್ ಇಲ್ಲದೆ ಹಾಕಿಕೊಂಡರೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರ್ ಮತ್ತೆ ಆನ್ ಮಾಡಬೇಕು. ಕಲಿಯುವಾಗ ಅದು ನಡೆಯುತ್ತದೆ. ಎದುರಿಗೆ ರೈತರು ನಿಂತಿರುವಾಗ ನಡೆಯುವುದಿಲ್ಲ.

ಎನ್‌ವಿಡಿಎ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್, 2006ರಲ್ಲಿ. ಆಮೇಲೆ ಅವರ ಗೆಳೆಯ ಜೇಮ್ಸ್ ಟೆ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಕಣ್ಣು ಕಾಣುವವರು ಕೊಡುವ ದುಡ್ಡಿಗಿಂತ ಒಂದು ರೂಪಾಯಿಯೂ ಜಾಸ್ತಿ ಕೊಡದೆ ಕುರುಡರೂ ಕಂಪ್ಯೂಟರ್ ಬಳಸುವಂತಾಗಬೇಕು ಅನ್ನುವುದು ಅವರ ಹಟ. ನಾನು ದಿನಕ್ಕೆ ಎಂಟು ಗಂಟೆ ಅವರ ಹಟದ ಮೇಲೆ ಅನ್ನ ತಿನ್ನುತ್ತಿದ್ದೇನೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಗಂಟಲು ಕಟ್ಟುತ್ತದೆ.

ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಅದು ಏಳುತ್ತದೆ. ಅದರ ಜೊತೆಗೇ ಬರುವ ಈ-ಸ್ಪೀಕ್ ದನಿ ಯಂತ್ರದ ದನಿಯೇ. ಹೊಸಬರು ಕೇಳಿದ ತಕ್ಷಣ ಮುಖ ಸಿಂಡರಿಸುತ್ತಾರೆ. ಒಂದು ತಿಂಗಳು ತಾಳಿಕೊಳ್ಳಿ. ಮನುಷ್ಯರ ದನಿ ಹಾಗೆ ಕೇಳುವ ಬೇರೆ ದನಿಗಳನ್ನು ವೇಗ ಏರಿಸಿದರೆ ಅಕ್ಷರ ಕಲಸಿಹೋಗುತ್ತವೆ. ಈ-ಸ್ಪೀಕ್ ಎಷ್ಟು ಓಡಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಕನ್ನಡವನ್ನೂ ಓದುತ್ತದೆ. ಉಚ್ಚಾರದಲ್ಲಿ ಅಲ್ಲಲ್ಲಿ ಎಡವುತ್ತದೆ, ಅರ್ಥಕ್ಕೆ ತೊಂದರೆ ಇಲ್ಲ.

ಎರಡು ವರ್ಷದ ಹಿಂದಿನ ತನಕ ನಾನು ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೆ. ಎಕ್ಸೆಲ್ ಮತ್ತು ಎನ್‌ವಿಡಿಎ ಜೋಡಿ ಚೆನ್ನಾಗಿದೆ. ಕೋಷ್ಟಕದ ಯಾವ ಮನೆಯಲ್ಲಿ ನಿಂತಿದ್ದೇನೆ, ಅದರಲ್ಲಿ ಏನಿದೆ, ಎಲ್ಲ ಹೇಳುತ್ತದೆ. ನಮ್ಮ ಆಫೀಸಿನಲ್ಲಿ ಕಣ್ಣಿರುವ ಹುಡುಗನಿಗೂ ನನಗೂ ಪಟ್ಟಿ ಮಾಡುವ ವೇಗದಲ್ಲಿ ವ್ಯತ್ಯಾಸ ಇರಲಿಲ್ಲ. ಆಮೇಲೆ ಒಂದು ದೀಪಾವಳಿಯ ಹೊತ್ತಿಗೆ ಯಜಮಾನರು ಹೊಸ ಸಾಫ್ಟ್‌ವೇರ್ ತಂದರು. ತಂದದ್ದು ತಪ್ಪಲ್ಲ. ಲೆಕ್ಕ ಒಂದೇ ಕಡೆ ಇರಬೇಕು, ಜಿಎಸ್‌ಟಿ ರಿಟರ್ನ್ ಸುಲಭ ಆಗಬೇಕು. ಕೊಳ್ಳುವ ಮುಂಚೆ ಅದನ್ನು ಐದು ನಿಮಿಷ ನನ್ನ ಕೈಗೆ ಕೊಡಲು ಯಾರಿಗೂ ಹೊಳೆಯಲಿಲ್ಲ, ಅಷ್ಟೇ.

ಮೊದಲ ದಿನ ತೆರೆದಾಗ ಕೇಳಿದ್ದು ಇದು: “ಬಟನ್. ಬಟನ್. ಬಟನ್. ಪೇನ್. ಎಡಿಟ್. ಬಟನ್.”

ಮೇಲುಗಡೆ ಹನ್ನೊಂದು ಚಿತ್ರದ ಬಟನ್ ಇವೆ. ಒಂದು ಉಳಿಸುವುದಕ್ಕೆ, ಒಂದು ಅಳಿಸುವುದಕ್ಕೆ, ಒಂದು ಪ್ರಿಂಟಿಗೆ, ಹೀಗೆ. ಕಣ್ಣಿದ್ದವರಿಗೆ ಫ್ಲಾಪಿ ಚಿತ್ರ, ಕಸದ ಡಬ್ಬಿ ಚಿತ್ರ ಕಾಣುತ್ತದೆ. ನನಗೆ ಹನ್ನೊಂದೂ “ಬಟನ್”. ಉಳಿಸುವುದು ಯಾವುದು, ಅಳಿಸುವುದು ಯಾವುದು?

ಇದು ಎನ್‌ವಿಡಿಎ ತಪ್ಪಲ್ಲ. ಸ್ಕ್ರೀನ್ ರೀಡರ್ ಚಿತ್ರ ನೋಡಿ ಊಹೆ ಮಾಡುವುದಿಲ್ಲ. ಪ್ರೋಗ್ರಾಂ ತನ್ನ ಒಂದೊಂದು ಭಾಗದ ಹೆಸರು, ಅದು ಏನು, ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು ವಿಂಡೋಸ್‌ಗೆ ಒಪ್ಪಿಸಬೇಕು. ಒಪ್ಪಿಸಿದ್ದನ್ನು ಸ್ಕ್ರೀನ್ ರೀಡರ್ ಕೇಳಿಕೊಂಡು ನಮಗೆ ಹೇಳುತ್ತದೆ. ಇದಕ್ಕೆ ಬೇಕಾದ ದಾರಿಯನ್ನು ಮೈಕ್ರೋಸಾಫ್ಟ್ 1997ರಲ್ಲೇ ಮಾಡಿಟ್ಟಿದೆ. ವಿಂಡೋಸ್ ಜೊತೆ ಬರುವ ಮಾಮೂಲಿ ಬಟನ್, ಮಾಮೂಲಿ ಪಟ್ಟಿಪೆಟ್ಟಿಗೆ ಬಳಸಿದರೆ ಮುಕ್ಕಾಲು ಕೆಲಸ ತಾನಾಗಿಯೇ ಆಗುತ್ತದೆ. ಚೆಂದ ಕಾಣಲಿ ಅಂತ ಎಲ್ಲವನ್ನೂ ಹೊಸದಾಗಿ ಬರೆದು ಕೂರಿಸಿ, ಹೆಸರು ಕೊಡದೆ ಬಿಟ್ಟಾಗಲೇ ತೊಂದರೆ.

ಎನ್‌ವಿಡಿಎಯಲ್ಲಿ ಆಬ್ಜೆಕ್ಟ್ ನ್ಯಾವಿಗೇಶನ್ ಅಂತ ಒಂದಿದೆ. ಟ್ಯಾಬ್ ಒತ್ತಿ ತಲುಪಲಾಗದ ಜಾಗಕ್ಕೂ ನಂಬರ್ ಪ್ಯಾಡ್ ಹಿಡಿದು ಹೋಗಬಹುದು. ಇನ್ಸರ್ಟ್ ಜೊತೆ 2 ಒತ್ತಿದರೆ ಒಳಗೆ, 8 ಒತ್ತಿದರೆ ಹೊರಗೆ, 4 ಮತ್ತು 6 ಅಕ್ಕಪಕ್ಕಕ್ಕೆ. ನಮ್ಮ ಕಡೆ ಮನೆಯ ಹಾಗೆ ಅಂದುಕೊಳ್ಳಿ. ಅಂಗಳದಿಂದ ಜಗಲಿ, ಜಗಲಿಯಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ. ಸರಿಯಾಗಿ ಕಟ್ಟಿದ ಪ್ರೋಗ್ರಾಂನಲ್ಲಿ ಹೀಗೆ ಕೈಯಾಡಿಸಿಕೊಂಡು ಒಂದು ಗಂಟೆಯಲ್ಲಿ ಇಡೀ ಮನೆಯ ಪರಿಚಯ ಆಗಿಬಿಡುತ್ತದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಜಗಲಿ ತನಕ ಹೋದೆ. ಒಳಗೆ ಏಳೆಂಟು ಕೋಣೆ ಇರುವುದು ಗೊತ್ತು, ಎದುರಿಗೆ ಬರೀ ಗೋಡೆ.

ಓಸಿಆರ್ ಇದೆ. ಇನ್ಸರ್ಟ್ ಜೊತೆ ಆರ್ ಒತ್ತಿದರೆ ಎನ್‌ವಿಡಿಎ ಪರದೆಯ ಆ ಭಾಗವನ್ನು ಚಿತ್ರವಾಗಿ ತೆಗೆದುಕೊಂಡು, ಅದರಲ್ಲಿರುವ ಅಕ್ಷರವನ್ನು ವಿಂಡೋಸ್‌ನ ಸಹಾಯದಿಂದ ಓದುತ್ತದೆ. ಬೇಕಾದ ಪದದ ಮೇಲೆ ನಿಂತು ಎಂಟರ್ ಒತ್ತಿದರೆ ಅಲ್ಲೇ ಕ್ಲಿಕ್ ಕೂಡ ಆಗುತ್ತದೆ. ಇದು ನನ್ನನ್ನು ಎಷ್ಟೋ ಸಲ ಉಳಿಸಿದೆ. ಆದರೆ ಲೆಕ್ಕದ ವಿಷಯದಲ್ಲಿ ಇದನ್ನು ನಂಬಬೇಡಿ. ಒಂದು ಸಲ 38 ಇದ್ದದ್ದನ್ನು 33 ಅಂತ ಓದಿತ್ತು. ನನ್ನ ಯಂತ್ರದ ಓಸಿಆರ್ ಭಾಷೆಗಳಲ್ಲಿ ಕನ್ನಡವೂ ಇಲ್ಲ. ಚಿತ್ರಕ್ಕೆ ಅಕ್ಷರವೇ ಇಲ್ಲದ ಬಟನ್ ಮೇಲಂತೂ ಓಸಿಆರ್ ಏನು ತಾನೇ ಮಾಡೀತು?

ಕೊನೆಗೆ ಎನ್‌ವಿಡಿಎಗೆ ಬೇರೆಯಾಗಿ ಸೇರಿಸಿಕೊಳ್ಳುವ, ಗೋಲ್ಡನ್ ಕರ್ಸರ್ ಅನ್ನುವ ಆಡ್-ಆನ್ ಹಾಕಿಕೊಂಡೆ. ಪರದೆಯ ಮೇಲೆ ಒಂದು ಜಾಗವನ್ನು ಗುರುತು ಮಾಡಿ ಅದಕ್ಕೊಂದು ಹೆಸರು ಇಡಬಹುದು. ಆಫೀಸಿನ ಹುಡುಗ ಪಕ್ಕದಲ್ಲಿ ಕೂತು ಮೌಸನ್ನು ಒಂದೊಂದು ಬಟನ್ ಮೇಲೆ ಇಟ್ಟ. ನಾನು ಹೆಸರು ಬರೆದುಕೊಂಡೆ. ಉಳಿಸು, ಹೊಸದು, ಹುಡುಕು, ಪ್ರಿಂಟ್. ಎರಡು ಸಂಜೆ ಹಿಡಿಯಿತು. ಆಮೇಲೆ ಆರು ತಿಂಗಳು ಚೆನ್ನಾಗಿ ನಡೆಯಿತು.

ಏಪ್ರಿಲ್ ಕೊನೆಯಲ್ಲಿ ಇಲ್ಲಿ ಮಳೆಗಿಂತ ಮೊದಲು ಸಿಡಿಲು ಬರುತ್ತದೆ, ಗೊತ್ತಲ್ವಾ. ಒಂದು ರಾತ್ರಿ ಹೊಡೆದ ಸಿಡಿಲಿಗೆ ನಮ್ಮ ಯುಪಿಎಸ್ಸೂ ಹೋಯಿತು, ಮಾನಿಟರೂ ಹೋಯಿತು. ಮರುದಿನ ಹೊಸ ಮಾನಿಟರ್ ತಂದು ಹಾಕಿದರು. ಹಳೆಯದಕ್ಕಿಂತ ದೊಡ್ಡದು. ನನಗೆ ಮಾನಿಟರಿನಿಂದ ಏನಾಗಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಪರದೆಯ ಅಳತೆ ಬದಲಾಗಿತ್ತು. ಗೋಲ್ಡನ್ ಕರ್ಸರ್‌ಗೆ ಬಟನ್ ಗೊತ್ತಿಲ್ಲ, ಜಾಗ ಮಾತ್ರ ಗೊತ್ತು. ನಾನು ʻಉಳಿಸುʼ ಅಂತ ಒತ್ತಿದ ಕಡೆ ಈಗ ಬೇರೇನೋ ಇತ್ತು. ಬೆಳಗ್ಗಿನಿಂದ ಊಟದ ತನಕ ಹಾಕಿದ ಒಂದು ಪಟ್ಟಿಯೂ ಉಳಿದಿರಲಿಲ್ಲ. ಉಳಿಸಿದ ಮೇಲೆ ಕೆಳಗೆ ಹಸಿರು ಅಕ್ಷರದಲ್ಲಿ ಒಂದು ಸಂದೇಶ ಬಂದು ಮೂರು ಸೆಕೆಂಡಿಗೆ ಮಾಯ ಆಗುತ್ತದಂತೆ. ಅದನ್ನು ಎನ್‌ವಿಡಿಎಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ನನಗೂ ಗೊತ್ತಿರಲಿಲ್ಲ. ಸಂದೇಶ ಬರದೇ ಹೋದದ್ದೂ ಗೊತ್ತಾಗಲಿಲ್ಲ.

ಆ ದಿನದ ಪಟ್ಟಿಗಳನ್ನು ತೂಕದ ಚೀಟಿ ಇಟ್ಟುಕೊಂಡು ಮತ್ತೆ ಹಾಕಿದೆವು. ನಷ್ಟ ಆದದ್ದು ನಮ್ಮ ಸಮಯ ಮಾತ್ರ. ಜನವರಿಯಲ್ಲಿ ಆದದ್ದು ಹಾಗಲ್ಲ.

ಅಡಿಕೆ ಜಾತಿ ಆರಿಸುವ ಒಂದು ಪೆಟ್ಟಿಗೆ ಇದೆ. ಅದು ಏನೂ ಓದುವುದಿಲ್ಲ. ಟ್ಯಾಬ್ ಒತ್ತಿ ಅದರ ಮೇಲೆ ಹೋದರೆ “ಪೇನ್” ಅನ್ನುತ್ತದೆ, ಡೌನ್ ಆರೋ ಒತ್ತಿದರೆ ಮೌನ. ಒಳಗೆ ಇದ್ದದ್ದು ನಾಲ್ಕು ಹೆಸರು, ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ: ಬೆಟ್ಟೆ, ಗೊರಬಲು, ರಾಶಿ, ಸರಕು. ನಾನು ಎಣಿಸಿಕೊಂಡಿದ್ದೆ. ಒಂದು ಸಲ ಒತ್ತಿದರೆ ಬೆಟ್ಟೆ. ಎರಡು ಸಲ ಗೊರಬಲು. ಮೂರು ಸಲ ರಾಶಿ. ನಾಲ್ಕು ಸಲ ಸರಕು. ಬರುವುದರಲ್ಲಿ ರಾಶಿಯೇ ಜಾಸ್ತಿ. ಮೂರು, ಮೂರು, ಮೂರು ಅಂತ ಬೆರಳಿಗೆ ಅಭ್ಯಾಸ ಆಗಿಹೋಗಿತ್ತು. ಒಂದು ವರ್ಷಕ್ಕೂ ಮೇಲೆ ಒಂದು ತಪ್ಪಾಗಿರಲಿಲ್ಲ.

ಜನವರಿಯ ಒಂದು ಸೋಮವಾರ ಅಪ್‌ಡೇಟ್ ಬಂತು. ಯಾರೋ ಚಾಲಿ ಅನ್ನುವ ಜಾತಿಯನ್ನೂ ಸೇರಿಸಿ ಅಂತ ಕೇಳಿದ್ದರಂತೆ. ಸೇರಿಸಿದರು. ಅಕ್ಷರದ ಕ್ರಮದಲ್ಲಿ ಚಾಲಿ ಬೆಟ್ಟೆಯ ನಂತರ ಹೋಗಿ ಕೂತಿತು. ನನಗೆ ಯಾರೂ ಹೇಳಲಿಲ್ಲ, ಪೆಟ್ಟಿಗೆಯೂ ಹೇಳಲಿಲ್ಲ. ಆವತ್ತು ಬಂದ ರಾಶಿಗೆಲ್ಲ ನಾನು ಮೂರು ಸಲ ಒತ್ತಿದೆ. ಎಲ್ಲವೂ ಗೊರಬಲು ಆಯಿತು.

ದರ ನಾನೇ ಟೈಪ್ ಮಾಡುವುದರಿಂದ ದುಡ್ಡು ಸರಿಯಾಗಿತ್ತು. ಜಾತಿ ಮಾತ್ರ ತಪ್ಪು. ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಮಧ್ಯಾಹ್ನ ಮಂಡಗದ್ದೆ ಕಡೆಯ ಒಬ್ಬರು, ವಯಸ್ಸಾದವರು, ಪಟ್ಟಿ ಹಿಡಿದು ವಾಪಸ್ ಬಂದರು. ಜಗಳ ಮಾಡಲಿಲ್ಲ. ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟು, ಕೈಯಿಂದ ಸವರಿ ನೆಟ್ಟಗೆ ಮಾಡಿದ್ದು ನನಗೆ ಕೇಳಿಸಿತು.

“ತಂಗಿ, ನಾನು ತಂದಿದ್ದು ರಾಶಿ ಅಲ್ವಾ?”

“ಹೌದು ಅಪ್ಪಯ್ಯ, ರಾಶಿನೇ.”

“ಇದ್ರಲ್ಲಿ ಗೊರಬಲು ಅಂತ ಉಂಟಲ್ಲ ಮಾರಾಯ್ತಿ. ಮಗ ಕೇಳ್ತಾನೆ, ಏನು ಹೇಳ್ಲಿ?”

ರಾಶಿ ಅಂದರೆ ರಾತ್ರಿ ಕೂತು ಸುಲಿದು, ಬೇಯಿಸಿ, ಚೊಗರು ಹಾಕಿ, ಅಟ್ಟದ ಮೇಲೆ ಒಣಗಿಸಿ, ಮೋಡ ಕಂಡಾಗೆಲ್ಲ ಓಡಿ ಹೋಗಿ ಮುಚ್ಚಿ ಮಾಡಿದ ಮಾಲು. ಗೊರಬಲಿಗೂ ಅದಕ್ಕೂ ದರದಲ್ಲೂ ದೂರ, ಮರ್ಯಾದೆಯಲ್ಲೂ ದೂರ. ಅವರ ರಾಶಿಯನ್ನು ನಾನು ಕಾಗದದ ಮೇಲೆ ಗೊರಬಲು ಮಾಡಿದ್ದೆ. ಎಷ್ಟು ಸಲ ಕ್ಷಮೆ ಕೇಳಿದೆನೋ ನೆನಪಿಲ್ಲ. ಅವರು “ಇರ್ಲಿ ಬಿಡು, ಸರಿ ಮಾಡಿಕೊಡು” ಅಂದರು. ಹೊಸ ಪಟ್ಟಿ ಪ್ರಿಂಟ್ ಆಗುವ ತನಕ ನಿಂತೇ ಇದ್ದರು. ಅವರ ಮೂರೂವರೆ ಬಸ್ಸು ತಪ್ಪಿತು.

ಆವತ್ತು ಒಟ್ಟು 22 ಪಟ್ಟಿ ತಪ್ಪಾಗಿತ್ತು. ಹುಡುಗ ಓದುತ್ತಾ ಹೋದ, ನಾನು ಸರಿ ಮಾಡುತ್ತಾ ಹೋದೆ. ಬಾಗಿಲು ಹಾಕುವಾಗ ಏಳೂವರೆ. ಯಜಮಾನರು ಒಳ್ಳೆಯವರು, ಬೈಯಲಿಲ್ಲ. ಆದರೆ ಹೊರಡುವಾಗ ಅಂದರು: “ಇನ್ನು ಮೇಲೆ ಪಟ್ಟಿ ಹುಡುಗನೇ ಮಾಡ್ಲಿ ಅಮ್ಮ. ನೀನು ಫೋನ್ ನೋಡ್ಕೋ.”

ಫೋನ್ ನೋಡಿಕೊಳ್ಳುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಬಿಕಾಂ ಓದಿದ್ದೇನೆ, ಲೆಕ್ಕ ನನಗೆ ಬರುತ್ತದೆ, ಇಷ್ಟವೂ ಇದೆ. ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಮಾಡಿದ್ದು ನನ್ನ ಬೆರಳು ಹೌದು. ಆದರೆ ಪೆಟ್ಟಿಗೆ ಒಂದೇ ಒಂದು ಪದ ಮಾತಾಡಿದ್ದರೆ ಬೆರಳು ತಪ್ಪುತ್ತಿರಲಿಲ್ಲ. ಬೆಳಗ್ಗೆ ಹೋಗಿ ಯಜಮಾನರ ಹತ್ತಿರ ಎರಡು ತಿಂಗಳ ಸಮಯ ಕೇಳಿದೆ. ಅಲ್ಲಿಯ ತನಕ ಪ್ರತಿ ಪಟ್ಟಿಯನ್ನೂ ಪ್ರಿಂಟ್ ಮಾಡುವ ಮುಂಚೆ ಹುಡುಗ ಒಂದು ಸಲ ನೋಡಲಿ ಅಂದೆ. ಒಪ್ಪಿದರು.

ಸಾಫ್ಟ್‌ವೇರ್ ಕಂಪನಿಗೆ ಮೇಲ್ ಬರೆದೆ. ಎರಡು ಸಾಲಿನ ಉತ್ತರ ಬಂತು. ಸ್ಕ್ರೀನ್ ರೀಡರ್‌ಗೆ ಬೆಂಬಲ ಇಲ್ಲ, ನಿಮ್ಮ ಸ್ಕ್ರೀನ್ ರೀಡರ್ ಮಾಡಿದವರನ್ನೇ ಕೇಳಿ ಅಂತ. ಇಂಥ ಉತ್ತರ ಪಡೆಯದ ಸ್ಕ್ರೀನ್ ರೀಡರ್ ಬಳಕೆದಾರರು ಯಾರೂ ಇರಲಿಕ್ಕಿಲ್ಲ. ಬೆಂಗಳೂರಿನಲ್ಲಿರುವ ನನ್ನ ಗೆಳತಿಗೆ ಫೋನ್ ಮಾಡಿದೆ. ನಾವಿಬ್ಬರೂ ಒಟ್ಟಿಗೆ ತರಬೇತಿ ಪಡೆದವರು. ಎನ್‌ವಿಡಿಎ 2025.1ರಿಂದ ರಿಮೋಟ್ ಆಕ್ಸೆಸ್ ಅದರೊಳಗೇ ಬಂದಿದೆ. ಅವಳು ಅಲ್ಲಿಂದಲೇ ನನ್ನ ಕಂಪ್ಯೂಟರಿಗೆ ಬಂದಳು, ನನ್ನ ಎನ್‌ವಿಡಿಎ ಹೇಳುವುದೆಲ್ಲ ಅವಳ ಕಿವಿಗೂ ಕೇಳಿತು. ಅವಳು ಹೇಳಿಕೊಟ್ಟದ್ದು ಇದು: ತೊಂದರೆ ಇರುವ ಬಟನ್ ಮೇಲೆ ನಿಂತು ಇನ್ಸರ್ಟ್ ಜೊತೆ ಎಫ್1 ಒತ್ತು. ಆ ಬಟನ್ ಬಗ್ಗೆ ವಿಂಡೋಸ್‌ಗೆ ಏನೇನು ಗೊತ್ತಿದೆಯೋ ಎಲ್ಲ ಲಾಗ್‌ನಲ್ಲಿ ಬರುತ್ತದೆ. ಹೆಸರು ಅನ್ನುವ ಕಡೆ ಖಾಲಿ ಇದ್ದರೆ ಖಾಲಿ ಅಂತಲೇ ಇರುತ್ತದೆ. ಅದನ್ನು ಕಾಪಿ ಮಾಡಿ ಕಳಿಸು. ಪ್ರೋಗ್ರಾಂ ಬರೆಯುವವರಿಗೆ ಅದು ಅರ್ಥ ಆಗುತ್ತದೆ.

ಹನ್ನೊಂದು ಬಟನ್ನಿನದೂ ಆ ಪೆಟ್ಟಿಗೆಯದೂ ಹಾಗೆ ಕಳಿಸಿದೆ. ಜೊತೆಗೆ, ಆ 22 ಪಟ್ಟಿಯ ಕಥೆಯನ್ನೂ ಬರೆದೆ. ಕಾನೂನಿನ ಮಾತು ಬರೆಯಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನನಗೆ ಗೊತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೆವೈಸಿ ವಿಷಯದಲ್ಲಿ ತೀರ್ಪು ಕೊಡುತ್ತಾ, ಡಿಜಿಟಲ್ ಸೇವೆ ಬಳಸುವ ಅವಕಾಶ ಬದುಕುವ ಹಕ್ಕಿನ ಭಾಗವೇ ಅಂತ ಹೇಳಿದ್ದೂ ಗೊತ್ತು. ಆ ತೀರ್ಪು ಕೇಳಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಆದರೆ ನನಗೆ ಬೇಕಾಗಿದ್ದದ್ದು ಬಟನ್ನಿಗೊಂದು ಹೆಸರು. ಅದನ್ನು ಕೇಳಿದರೆ ಸಾಕು ಅನ್ನಿಸಿತು.

ನಾಲ್ಕು ದಿನ ಬಿಟ್ಟು ಫೋನ್ ಬಂತು. ದನಿ ಕೇಳಿದರೆ ಚಿಕ್ಕ ವಯಸ್ಸಿನ ಹುಡುಗ, ಆ ಫಾರಂ ಬರೆದವನು ತಾನೇ ಅಂದ. ತೊಂದರೆ ಏನು ಅಂತ ವಿವರಿಸಿ ಮೇಡಂ ಅಂದ. ವಿವರಿಸುವುದು ಬೇಡ, ಕೇಳಿಸಿಕೊಳ್ಳಿ ಅಂದೆ. ಫೋನನ್ನು ಕಂಪ್ಯೂಟರಿನ ಸ್ಪೀಕರ್ ಪಕ್ಕ ಇಟ್ಟು ಒಂದು ಪಟ್ಟಿ ಮಾಡಲು ಶುರು ಮಾಡಿದೆ.

“ಮೇಡಂ, ತುಂಬಾ ಸ್ಪೀಡ್ ಇದೆ, ಏನೂ ಗೊತ್ತಾಗ್ತಿಲ್ಲ.”

ವೇಗ ಅರ್ಧಕ್ಕಿಂತ ಕಡಿಮೆ ಮಾಡಿದೆ. ಬಟನ್. ಬಟನ್. ಪೇನ್. ಎಡಿಟ್.

“ಈಗ್ಲೂ ಗೊತ್ತಾಗ್ತಿಲ್ಲ ಮೇಡಂ.”

“ನನಗೂ ಅಷ್ಟೇ ಗೊತ್ತಾಗೋದು. ಅದು ಹೇಳೋದೇ ಅಷ್ಟು.”

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, “ಇದ್ರಲ್ಲಿ ಒಂದು ವರ್ಷದಿಂದ ಪಟ್ಟಿ ಮಾಡ್ತಿದ್ದೀರಾ?” ಅಂತ ಕೇಳಿದ. ಹೌದು ಅಂದೆ. ಎನ್‌ವಿಡಿಎ ಹಾಕಿಕೊಳ್ಳಿ, ದುಡ್ಡಿಲ್ಲ, ಟೂಲ್ಸ್‌ನಲ್ಲಿ ಸ್ಪೀಚ್ ವ್ಯೂವರ್ ಇದೆ, ಅದು ಮಾತಾಡುವುದೆಲ್ಲ ಅಕ್ಷರದಲ್ಲೂ ಕಾಣುತ್ತದೆ ಅಂತ ಹೇಳಿದೆ. ಅವನೇ ಹೇಳಿದ, ಪರದೆ ಕಟ್ಟಲು ಅವರು ಬಳಸುವ ವಿಂಡೋಸ್ ಫಾರ್ಮ್ಸ್ ಅನ್ನುವ ಸಲಕರಣೆಯಲ್ಲಿ ಪ್ರತಿ ಬಟನ್ನಿಗೂ ʻಆಕ್ಸೆಸಿಬಲ್ ನೇಮ್ʼ ಅಂತ ಒಂದು ಜಾಗ ಇದೆಯಂತೆ. ದಿನಾ ಕಣ್ಣಿಗೆ ಬೀಳುತ್ತಿತ್ತಂತೆ, ಯಾಕಿದೆ ಅಂತ ಗೊತ್ತಿರಲಿಲ್ಲವಂತೆ. ಅದರಲ್ಲಿ ʻಉಳಿಸುʼ ಅಂತ ಬರೆದರೆ ಮುಗಿಯಿತು.

ಐದು ವಾರಕ್ಕೆ ಅಪ್‌ಡೇಟ್ ಬಂತು. ಈಗ ಬಟನ್ನುಗಳು ಹೆಸರು ಹೇಳುತ್ತವೆ. ಜಾತಿಯ ಪೆಟ್ಟಿಗೆಯನ್ನು ತೆಗೆದು ಮಾಮೂಲಿ ವಿಂಡೋಸ್ ಪೆಟ್ಟಿಗೆ ಹಾಕಿದ್ದಾರೆ. ಮೊದಲ ಸಲ ಡೌನ್ ಆರೋ ಒತ್ತಿ “ಬೆಟ್ಟೆ” ಅಂತ ಕೇಳಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಾಲ್ಕು ಸಲ ಒತ್ತಿದೆ. “ರಾಶಿ” ಅಂತು. ಹುಡುಗನನ್ನು ಕರೆದು ಅವನಿಗೂ ಕೇಳಿಸಿದೆ. ಎರಡು ತಿಂಗಳ ಗಡುವು ಮುಗಿದ ಮೇಲೆ ಯಜಮಾನರು ಮತ್ತೆ ಆ ಮಾತು ಎತ್ತಲಿಲ್ಲ. ಪಟ್ಟಿ ನಾನೇ ಮಾಡುತ್ತಿದ್ದೇನೆ.

ಇನ್ನೂ ಸರಿಯಾಗದ್ದು ಇದೆ. ʻಪ್ರಿಂಟ್ʼ ಅಂತ ಎರಡು ಬಟನ್ನಿಗೆ ಹೆಸರು ಬಿದ್ದಿದೆ, ಒಂದು ಪ್ರಿಂಟಿನದು, ಇನ್ನೊಂದು ಪ್ರಿಂಟ್ ಮುಂಚೆ ನೋಡುವುದು. ಉಳಿಸಿದ ಸಂದೇಶ ಇವತ್ತಿಗೂ ಮೌನವಾಗಿಯೇ ಬಂದು ಹೋಗುತ್ತದೆ. ದರ ಹಾಕಿ ಟ್ಯಾಬ್ ಒತ್ತಿದರೆ ಮೇಲಿನ ತಾರೀಕಿಗೆ ಹಾರುತ್ತದೆ. ಖಾತೆಯ ದೊಡ್ಡ ಕೋಷ್ಟಕ ಒಂದಕ್ಷರವೂ ಮಾತಾಡುವುದಿಲ್ಲ. “ನನ್ನ ಮುಂಗಡ ಇನ್ನೆಷ್ಟಿದೆ ನೋಡಮ್ಮ” ಅಂತ ಯಾರಾದರೂ ಕೇಳಿದರೆ ನಾನು ಎಕ್ಸೆಲ್‌ಗೆ ಕಳಿಸಿ, ಅಲ್ಲಿ ತೆರೆದು ಓದಬೇಕು. ಕಣ್ಣಿರುವವರಿಗೆ ಒಂದು ನೋಟದ ಕೆಲಸ ನನಗೆ ಎರಡು ನಿಮಿಷ. ಹಳೆಯ ರೈತರ ಹೆಸರುಗಳನ್ನು ಯೂನಿಕೋಡ್ ಅಲ್ಲದ ಹಳೆ ಕನ್ನಡ ಫಾಂಟ್‌ನಲ್ಲಿ ಹಾಕಿದ್ದಾರೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ʻಕನ್ನಡʼ ಅನ್ನುವ ಪದ ಇದ್ದ ಕಡೆ ಎನ್‌ವಿಡಿಎ ಪಿ, ಪೌಂಡ್, ಕ್ಯೂ ಅಂತ ಏನೇನೋ ಓದುತ್ತದೆ. ಅದು ಓದುತ್ತಿರುವುದು ಸರಿಯೇ, ಒಳಗೆ ಇರುವುದೇ ಅದು. ಸುಮಾರು ಆರುನೂರು ಹೆಸರನ್ನು ಬಿಡುವಾದಾಗ ಯೂನಿಕೋಡ್‌ಗೆ ಬದಲಾಯಿಸುತ್ತಾ ಬಂದಿದ್ದೇನೆ. ಅರ್ಧ ಮುಗಿದಿದೆ.

ಎನ್‌ವಿಡಿಎಯಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಆಬ್ಜೆಕ್ಟ್ ನ್ಯಾವಿಗೇಶನ್‌ಗೆ ಬೇರೆ ಕೀಗಳು, ಒಂದೊಂದಕ್ಕೆ ಮೂರು ಕೀ ಒಟ್ಟಿಗೆ ಒತ್ತಬೇಕು, ಬೆರಳು ನೋಯುತ್ತವೆ. ಆಡ್-ಆನ್‌ಗಳು ಹೊಸ ಆವೃತ್ತಿ ಬಂದಾಗ ಕೆಲವು ಸಲ ನಿಂತುಹೋಗುತ್ತವೆ. ಹಾಗಾಗಿ ಅಡಿಕೆ ಸೀಸನ್‌ನಲ್ಲಿ ನಾನು ಆವೃತ್ತಿ ಬದಲಾಯಿಸುವುದಿಲ್ಲ, ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ. ಪೆನ್‌ಡ್ರೈವ್‌ನಲ್ಲಿ ಒಂದು ಪೋರ್ಟಬಲ್ ಕಾಪಿ ಸದಾ ಇರುತ್ತದೆ. ಇದು ಬಿಟ್ಟರೆ ನನ್ನ ದೂರು ಇಲ್ಲ. ಕಣ್ಣು ಕಾಣದ ಮಕ್ಕಳಿರುವ ಮನೆಯವರು ಇವತ್ತೇ ಹಾಕಿಕೊಡಿ.

ಇನ್ನು ಸಾಫ್ಟ್‌ವೇರ್ ಕೊಳ್ಳಲು ಹೊರಟಿರುವ ಮಂಡಿಯವರಿಗೆ, ಸೊಸೈಟಿಯವರಿಗೆ, ಅಂಗಡಿಯವರಿಗೆ ಒಂದು ಮಾತು. ತೋರಿಸಲು ಬಂದವರ ಎದುರಿಗೇ ಮೌಸ್ ತೆಗೆದು ಪಕ್ಕಕ್ಕಿಡಿ. ಬರೀ ಕೀಬೋರ್ಡಿನಲ್ಲಿ ಒಂದು ಬಿಲ್ ಮಾಡಿ ತೋರಿಸಿ ಅನ್ನಿ. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲೇ ಇರುವ ನರೇಟರ್ ಮಾತಾಡಲು ಶುರು ಮಾಡುತ್ತದೆ. ಮತ್ತೆ ಟ್ಯಾಬ್ ಒತ್ತುತ್ತಾ ಹೋಗಿ. “ಉಳಿಸು ಬಟನ್” ಅಂದರೆ ಕೊಳ್ಳಿ. ಬರೀ “ಬಟನ್” ಅಂದರೆ, ಇದನ್ನು ಸರಿ ಮಾಡಿಕೊಟ್ಟ ಮೇಲೆ ಚೆಕ್ ಬರೆಯುತ್ತೇವೆ ಅನ್ನಿ. ದುಡ್ಡು ಕೈಗೆ ಬರುವ ಮುಂಚೆ ಅವರು ಬೇಗ ಮಾಡಿಕೊಡುತ್ತಾರೆ. ಇವತ್ತು ನಿಮ್ಮಲ್ಲಿ ಕಣ್ಣು ಕಾಣದವರು ಯಾರೂ ಕೆಲಸಕ್ಕಿಲ್ಲದಿರಬಹುದು. ನಾಳೆ ಯಾರಾದರೂ ಕೆಲಸ ಕೇಳಿಕೊಂಡು ಬಂದಾಗ, ನಮ್ಮ ಸಾಫ್ಟ್‌ವೇರ್‌ನಲ್ಲಿ ನಿಮಗೆ ಆಗುವುದಿಲ್ಲ ಅಂತ ಹೇಳಿ ಕಳಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ನನಗೆ ಈ ಕೆಲಸ ಸಿಗುವ ಮುಂಚೆ ದುರ್ಗಿಗುಡಿಯಲ್ಲಿ, ಗಾಂಧಿ ಬಜಾರಿನಲ್ಲಿ ಆ ಮಾತನ್ನು ನಾನು ಏಳು ಕಡೆ ಕೇಳಿದ್ದೇನೆ.

ಕಂಪನಿಯ ಆ ಹುಡುಗ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಕೋಷ್ಟಕದ ಕೆಲಸ ಕಷ್ಟ ಇದೆಯಂತೆ, ಮಳೆಗಾಲ ಮುಗಿಯುವುದರೊಳಗೆ ನೋಡುತ್ತೇನೆ ಅಂದ. ಎರಡು ಪ್ರಿಂಟ್ ಬಟನ್ನಿನ ವಿಷಯ ಬರೆದುಕೊಂಡ. ಉಳಿಸಿದ ಸಂದೇಶಕ್ಕೆ ಸದ್ಯಕ್ಕೆ ಒಂದು ಬೀಪ್ ಶಬ್ದವಾದರೂ ಹಾಕಿಕೊಡಿ ಅಂತ ಕೇಳಿದ್ದೇನೆ.